ರಕ್ತ ಓದಿಸಿದ ಬೀಗರು

ಮಸರಕಲ್
16-6-1985

ಪ್ರೀತಿಯ ಅಮರಮ್ಮ,

ನಾನು ಜೀವಂತ ಇದ್ದೇನೆ, ಎರಡೂ ಕಾಲ ಮೇಲೆ ನಡೆದಾಡುತ್ತಿದ್ದೇನೆ, ರೊಟ್ಟಿ ಚೆನ್ನಾಗಿ ಸೇರುತ್ತಿದೆ. ಇಷ್ಟನ್ನು ಮೊದಲೇ ಹೇಳಿಬಿಡಬೇಕು. ನಿನ್ನ ಪತ್ರ ನೋಡಿದರೆ ರಾಯಚೂರಿನಲ್ಲಿ ನನ್ನನ್ನು ಮಣ್ಣು ಮಾಡುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗಿಹೋದಂತಿದೆ. ಜಂಬಮ್ಮನ ಮೈತುಂಬ ಹುಳ ಇವೆಯಂತೆ, ಅದಕ್ಕೇ ನೀರಮಾನ್ವಿಯವರು ಸಂಬಂಧ ಮುರಿದರಂತೆ, ಅವಳ ಅಪ್ಪ ಡಾಕ್ಟರನ್ನು ಬಡಿಯಲು ಹೋಗಿದ್ದನಂತೆ ಎಂದು ಬಸ್ಸಿನಲ್ಲಿ ಯಾರೋ ಆಡಿಕೊಂಡದ್ದನ್ನು ಕೇಳಿ ಬರೆದಿದ್ದೀ. ಸಂಬಂಧ ಮುರಿದದ್ದು ನಿಜ. ಅಪ್ಪ ಹೋದದ್ದೂ ನಿಜ. ಆದರೆ ಬಡಿಯಲಿಲ್ಲ, ಡಾಕ್ಟರ ಜೊತೆ ಚಹಾ ಕುಡಿದು ಬಂದ. ಹುಳದ ವಿಷಯ ಮಾತ್ರ ಸ್ವಲ್ಪ ಉದ್ದ ಇದೆ. ಇವತ್ತು ಆದಿತ್ಯವಾರ, ಕೂತು ಬರೆಯುತ್ತೇನೆ.

ಇಬ್ಬರೂ ಕೂಡಿ ಟಿ.ಸಿ.ಎಚ್. ಮುಗಿಸಿದೆವು. ನಿನಗೆ ಶಾಲೆ ಸಿಕ್ಕಿತು, ನನಗೆ ಅಪ್ಪನ ಕುರಿಮರಿಗಳು ಸಿಕ್ಕವು. ಅಷ್ಟರಲ್ಲಿ ಹೋದ ದೀಪಾವಳಿಯ ಹೊತ್ತಿಗೆ ದೇವದುರ್ಗಕ್ಕೆ ಸಂಶೋಧನೆಯವರು ಬಂದು ಒಂದು ಮನೆ ಬಾಡಿಗೆ ಹಿಡಿದರು. ದೊಡ್ಡವರು ಮರಿಸ್ವಾಮಿ ಡಾಕ್ಟರು, ಮೈಸೂರು ಕಡೆಯವರು. ರಕ್ತ ಪರೀಕ್ಷೆ ಮಾಡುವವರು ಅಬ್ದುಲ್ ವಹೀದ್, ನಿಮ್ಮ ರಾಯಚೂರಿನವರೇ. ಅವರಿಗೆ ಬೇಕಾಗಿದ್ದದ್ದು ನಮ್ಮ ನಾರುಹುಣ್ಣು. ಬೇಸಿಗೆ ಬಂತೆಂದರೆ ಯಾರದಾದರೂ ಕಾಲಲ್ಲಿ ಬೊಕ್ಕೆ ಎದ್ದು, ಒಡೆದು, ಬಿಳಿ ದಾರದಂಥ ಹುಳ ತಲೆ ಹಾಕುವುದು ನಮಗೇನು ಹೊಸದೇ? ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯುತ್ತ ತಿಂಗಳುಗಟ್ಟಲೆ ಮಲಗುವುದೂ ಹೊಸದಲ್ಲ. ಆದರೆ ಡಾಕ್ಟರು ಹೇಳಿದ್ದು ಬೇರೆ. ಪಾವಟಿಗೆ ಬಾವಿಯ ಮೆಟ್ಟಿಲು ಇಳಿದು ತುಂಬುವ ನೀರಿನ ಜೊತೆ ಹುಳ ಹೊಟ್ಟೆಗೆ ಹೋಗಿ, ಒಳಗೆ ವರ್ಷವಿಡೀ ಬೆಳೆದು ಆಮೇಲೆ ಹೊರಗೆ ಬರುತ್ತದಂತೆ. ಆ ವರ್ಷದೊಳಗೆ, ಬೊಕ್ಕೆ ಏಳುವ ಮೊದಲೇ, ಒಂದು ಹನಿ ರಕ್ತದಿಂದ ಅದನ್ನು ಕಂಡುಹಿಡಿಯಬೇಕು. ಒಳಗಿರುವಾಗಲೇ ಗುಳಿಗೆ ಕೊಟ್ಟು ಕೊಲ್ಲಬೇಕು. ಇದು ಅವರ ಸಂಶೋಧನೆ.

ನನ್ನನ್ನು ಸೇರಿಸಿಕೊಂಡದ್ದು ಹೆಸರು ಬರೆದುಕೊಳ್ಳಲು. ಮೊದಲ ದಿನವೇ ಇನ್ನೊಂದು ಕೆಲಸವೂ ಗಂಟುಬಿತ್ತು. ಡಾಕ್ಟರು ನಮ್ಮೂರ ಮಾಳಿಂಗಪ್ಪನನ್ನು, ಹುಷಾರಾಗಿದ್ದೀರಾ ಎಂದು ಕೇಳಿದರು. ಮಾಳಿಂಗಪ್ಪ ಎದೆಯುಬ್ಬಿಸಿ, ತಾನು ಭಾಳ ಹುಷಾರು, ತನ್ನ ತಮ್ಮನೇ ಸ್ವಲ್ಪ ದಡ್ಡ ಎಂದ. ಡಾಕ್ಟರು ತಮ್ಮನಿಗೆ ಏನು ಕಾಯಿಲೆ ಎಂದು ಬರೆದುಕೊಳ್ಳಲು ಹೊರಟಿದ್ದರು. ಅವತ್ತಿನಿಂದ ಕನ್ನಡದಿಂದ ಕನ್ನಡಕ್ಕೆ ಮಾತು ದಾಟಿಸುವವಳೂ ನಾನೇ ಆದೆ.

ರಕ್ತದಲ್ಲಿ ಹುಳ ಕಂಡವರನ್ನು ಕರೆದು ಗುಳಿಗೆ ಕೊಡತೊಡಗಿದ ಮೇಲೆ ಸುದ್ದಿ ಸುತ್ತ ಹಬ್ಬಿತು. ಹಬ್ಬುತ್ತಾ ಬೆಳೆಯಿತು. ದೇವದುರ್ಗದ ಡಾಕ್ಟರು ರಕ್ತ ಓದಿ ಬರುವ ಬೇಸಿಗೆಯಲ್ಲಿ ಏನಾಗುತ್ತದೆಂದು ಹೇಳುತ್ತಾರೆ ಎಂಬಲ್ಲಿಗೆ ಬಂತು. ಒಬ್ಬಳು ಬೆರಳು ಚಾಚಿಕೊಂಡು ಬಂದು, ಮಗ ಎಸ್ಸೆಸ್ಸೆಲ್ಸಿ ಪಾಸಾಗುತ್ತಾನೋ ಇಲ್ಲವೋ ನೋಡಿ ಎಂದಳು. ಮಾಳಿಂಗಪ್ಪ ಗಬ್ಬದ ಎಮ್ಮೆಯನ್ನೇ ಹೊಡೆದುಕೊಂಡು ಬಂದ. ಹೆಣ್ಣುಗರುವೋ ಗಂಡುಗರುವೋ ತಿಳಿಯಬೇಕಿತ್ತು. ಈ ರಕ್ತ ಹುಳದ ವಿಷಯ ಬಿಟ್ಟು ಬೇರೇನೂ ಹೇಳುವುದಿಲ್ಲವೆಂದು ನಾನು ತಿಳಿಸಿದಾಗ, ಹಾಗಾದರೆ ನಿಮ್ಮ ಡಾಕ್ಟರು ಇನ್ನೂ ಪೂರ್ತಿ ಕಲಿತಿಲ್ಲ ಎಂದು ಕನಿಕರದಿಂದ ಹೇಳಿ ಎಮ್ಮೆ ತಿರುಗಿಸಿಕೊಂಡು ಹೋದ.

ಇದೇ ಹೊತ್ತಿಗೆ ನನ್ನನ್ನು ನೋಡಲು ನೀರಮಾನ್ವಿಯಿಂದ ಬಂದರು. ಹುಡುಗ ಹನುಮಂತ್ರಾಯ, ಶಕ್ತಿನಗರದಲ್ಲಿ ಕರೆಂಟಿನ ಕೆಲಸ. ಮನೆಯೊಳಗೆ ಕೂತಾಗಲೂ ಕಪ್ಪು ಕನ್ನಡಕ ತೆಗೆಯಲಿಲ್ಲ. ನನ್ನನ್ನು ಒಂದು ಮಾತೂ ಕೇಳದೆ, ಅಪ್ಪನಿಗೆ ತಮ್ಮ ಕಾರಖಾನೆಯ ಚಿಮಣಿ ಎಷ್ಟು ಎತ್ತರ ಎಂದು ವಿವರಿಸಿದ. ಅಪ್ಪನಿಗೆ ಚಿಮಣಿ ಬಹಳ ಹಿಡಿಸಿತು. ನನಗೆ ಹುಡುಗ ಹಿಡಿಸಲಿಲ್ಲ, ಹೇಳುವ ಧೈರ್ಯ ಬರಲಿಲ್ಲ. ಅವನ ತಾಯಿ ಭೀಮವ್ವ ಎಲ್ಲವನ್ನೂ ಒಪ್ಪಿ, ಎಲೆಅಡಿಕೆ ಬಾಯಿಗಿಟ್ಟುಕೊಂಡು, ಕೊನೆಗೆ ಒಂದು ಮಾತು ಅಂದಳು.

“ನಮ್ಮ ಹಿರೀ ಸೊಸಿ ಮದಿವ್ಯಾದ ತಿಂಗಳದಾಗ ಎರಡೂ ಕಾಲಿಗೆ ನಾರು ಎದ್ದು ಮಕ್ಕೊಂಡ್ಲು. ಬ್ಯಾಸಗಿ ತುಂಬ ನಾನ ನೀರು ಹೊತ್ತೀನಿ. ಈ ಸಲ ಮೊದಲ ರಕ್ತ ಓದಿಸಿಬಿಡ್ರಿ. ಕನ್ಯಾ ಹೆಂಗೂ ಅಲ್ಲೇ ಕೆಲಸಕ್ಕ ಹೋಗತಾಳ.”

ಅಪ್ಪನ ಮುಖ ಕೆಂಪಾಯಿತು. ಹಾಗಾದರೆ ಹುಡುಗನದೂ ಓದಿಸೋಣ ಎಂದ. ಭೀಮವ್ವ ನಕ್ಕು, ಶಕ್ತಿನಗರದ ನಳದ ನೀರು ಕುಡಿಯುವ ಮಗನಿಗೆ ಹುಳ ಎಲ್ಲಿಂದ ಬರಬೇಕು, ಬೇಕಾದರೆ ಓದಿಸಿ ಎಂದಳು.

ನನಗೆ ಒಳಗೊಳಗೇ ಖುಷಿ. ತಪ್ಪಿಸಿಕೊಳ್ಳಲು ಬಾಗಿಲು ತಾನಾಗಿಯೇ ತೆರೆದಿತ್ತು. ಮರುದಿನ ವಹೀದಣ್ಣನ ಬಳಿ ಹೋಗಿ, ನನ್ನ ರಕ್ತದಲ್ಲಿ ಹುಳ ಇದೆ ಎಂದು ಹೇಳಿಬಿಡಿ ಎಂದು ಬೇಡಿಕೊಂಡೆ. ಅವರು ಬೆರಳು ಚುಚ್ಚುತ್ತಲೇ ಹೇಳಿದರು, “ನೋಡು ತಂಗೀ, ಏನು ಕಾಣತದೋ ಅದನ್ನ ಹೇಳವ ನಾನು. ಸುಳ್ಳು ಬೇಕಂದ್ರ ಜೋಯಿಸರ ಕಡಿ ಹೋಗು.”

ನಾಲ್ಕು ದಿನ ಬಿಟ್ಟು ಫಲಿತಾಂಶ ಬಂತು. ಹನುಮಂತ್ರಾಯನ ರಕ್ತ ಚೊಕ್ಕ. ನನ್ನದರಲ್ಲಿ ಹುಳ. ನಾನು ಕೃತಜ್ಞತೆಯಿಂದ ವಹೀದಣ್ಣನ ಕಡೆ ನೋಡಿದರೆ ಅವರ ಮುಖ ಸಪ್ಪಗಾಗಿತ್ತು. ಅಲ್ಲಾನಾಣೆ ನಾನು ಏನೂ ಮಾಡಿಲ್ಲ, ಎರಡು ಸಲ ನೋಡಿದೆ, ಖರೇನೇ ಇದೆ ಎಂದರು. ಅಮರೂ, ಆಗ ನನ್ನ ಮುಖವನ್ನು ನೀನು ನೋಡಬೇಕಿತ್ತು. ಊರೂರು ತಿರುಗಿ, ಕೊಡದ ಬಾಯಿಗೆ ಅರಿವೆ ಕಟ್ಟಿ ಸೋಸಿ ಕುಡಿಯಿರಿ ಎಂದು ಹೆಂಗಸರಿಗೆ ಬೋಧನೆ ಮಾಡುತ್ತಿದ್ದವಳು ನಾನು. ಈಗ ಅದೇ ಹೆಂಗಸರು ನನ್ನನ್ನು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿಯತೊಡಗಿದರು.

ಭೀಮವ್ವ ಹೇಳಿ ಕಳಿಸಿದಳು: ಹುಡುಗಿ ಒಳ್ಳೆಯವಳೇ, ಆದರೆ ಬೇಡ. ಹುಡುಗ ಏನೂ ಅನ್ನಲಿಲ್ಲವಂತೆ. ಬೇಡವೆಂದು ನಾನೇ ಬಯಸಿದ್ದೆ, ಆದರೂ ಅವರು ಬೇಡ ಅಂದದ್ದು ಇಷ್ಟು ಚುಚ್ಚುತ್ತದೆಂದು ಗೊತ್ತಿರಲಿಲ್ಲ. ಅವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಅಪ್ಪ ದೇವದುರ್ಗಕ್ಕೆ ಹೋದದ್ದು ಆಗಲೇ. ಡಾಕ್ಟರು ಕುರ್ಚಿ ಹಾಕಿ ಕೂರಿಸಿ, ಇದು ಹೊಸ ಪರೀಕ್ಷೆ, ಸರಿಯೋ ತಪ್ಪೋ ಬೇಸಿಗೆಯವರೆಗೆ ನನಗೂ ಗೊತ್ತಿಲ್ಲ ಎಂದು ಒಪ್ಪಿಕೊಂಡರಂತೆ. ಗೊತ್ತಿಲ್ಲ ಅನ್ನುವ ಡಾಕ್ಟರನ್ನು ಹೇಗೆ ಬಡಿಯುವುದು ಎಂದು ಅಪ್ಪ ಬಂದು ಹೇಳಿದ.

ಬೇಸಿಗೆ ಬಂತು. ನಾನು ದಿನಾ ಬೆಳಿಗ್ಗೆ ಎದ್ದು ಪಾದ, ಮೀನಖಂಡ, ಮೊಣಕಾಲು ಒತ್ತಿ ಒತ್ತಿ ನೋಡಿಕೊಳ್ಳುವುದು. ಅವ್ವ ನಾನು ನೋಡಿದ್ದನ್ನು ಮತ್ತೆ ನೋಡುವುದು. ಒಂದು ಸೊಳ್ಳೆ ಕಚ್ಚಿದ ಗುರುತಿಗೆ ಇಬ್ಬರೂ ಅತ್ತೆವು. ಆದರೆ ನಾರು ಏಳಲಿಲ್ಲ. ಗುಳಿಗೆಯ ಗುಣವೇನೋ ಎಂದುಕೊಂಡರೆ, ಗುಳಿಗೆ ನುಂಗಿದ ಎಷ್ಟೋ ಜನಕ್ಕೆ ಎದ್ದಿತು. ಹುಳ ಇಲ್ಲ ಅನ್ನಿಸಿಕೊಂಡವರಲ್ಲೂ ಬೇಕಾದಷ್ಟು ಜನಕ್ಕೆ ಎದ್ದಿತು. ಹುಳ ಇದೆ ಅನ್ನಿಸಿಕೊಂಡ ಎಷ್ಟೋ ಜನ ಕುಣಿದಾಡಿಕೊಂಡಿದ್ದರು. ಡಾಕ್ಟರು ಊಟ ಬಿಟ್ಟು ಕೂತರು. ಆಮೇಲೆ ಏನೋ ಹೊಳೆದು ನಮ್ಮೆಲ್ಲರ ಮಲ ಪರೀಕ್ಷೆ ಮಾಡಿಸಿದರು. ಆಗ ತಿಳಿಯಿತು. ಆ ಪರೀಕ್ಷೆಗೆ ನಾರಿನ ಹುಳ ಯಾವುದು, ಹೊಟ್ಟೆಯ ಜಂತುಹುಳ ಯಾವುದು ಎಂಬ ವ್ಯತ್ಯಾಸವೇ ಗೊತ್ತಿಲ್ಲ; ನಿಜವಾದ ನಾರು ಎಷ್ಟೋ ಸಲ ಅದಕ್ಕೆ ಕಾಣುವುದೂ ಇಲ್ಲ. ನನ್ನ ಮದುವೆ ಮುರಿದದ್ದು ಜಂತುಹುಳದಿಂದ, ಅಮರೂ. ಚಿಕ್ಕ ಮಕ್ಕಳಿಗೆ ಆಗುವ ಜಂತುಹುಳ. ಡಾಕ್ಟರು ಬೇರೆ ಗುಳಿಗೆ ಕೊಟ್ಟರು. ಮರುದಿನ ಬೆಳಿಗ್ಗೆಯ ವಿಷಯ ಪತ್ರದಲ್ಲಿ ಬರೆಯುವಂಥದ್ದಲ್ಲ.

ಅದೇ ವಾರ ಮರಿಸ್ವಾಮಿ ಡಾಕ್ಟರು ನನ್ನನ್ನು ಕರೆದು ಹೇಳಿದರು, “ಜಂಬಮ್ಮ, ನನ್ನ ಪರೀಕ್ಷೆ ಫೇಲಾಯ್ತು. ಫೇಲಾಯ್ತು ಅಂತಾನೇ ಬರೀತೀನಿ. ಇಲ್ಲಾಂದ್ರೆ ಇನ್ನೊಬ್ಬ ಇನ್ನೊಂದು ಊರಿಗೆ ಹೋಗಿ ಇದೇ ಥರ ಬೆರಳು ಚುಚ್ತಾನೆ, ಇನ್ನೊಂದು ಹುಡುಗಿ ಮದುವೆ ಮುರಿಯುತ್ತೆ.” ಅವರ ಎಷ್ಟು ವರ್ಷದ ಕೆಲಸವೋ ಪಾಪ. ನನಗೆ ಸಿಟ್ಟು ಮಾಡಬೇಕೆಂದಿತ್ತು, ಆಗಲಿಲ್ಲ. ಚಹಾ ಮಾಡಿಕೊಟ್ಟೆ.

ಈಗ ನೀನು ಕೇಳಬೇಕೆಂದಿರುವ ಭಾಗ. ಮೇ ತಿಂಗಳ ಮೊದಲಿಗೆ ಚೊಕ್ಕ ರಕ್ತದ ಹನುಮಂತ್ರಾಯನ ಬಲಗಾಲಿನ ಹಿಮ್ಮಡಿಯ ಮೇಲೆ ನಾರು ಎದ್ದಿತು. ಶಕ್ತಿನಗರದ ನಳದ ನೀರು ಕುಡಿಯುವುದು ಹೌದು. ಆದರೆ ರಜೆಗೆ ಊರಿಗೆ ಬಂದಾಗಲೆಲ್ಲ ಪಾವಟಿಗೆ ಬಾವಿಗೆ ಮೇಲಿಂದ ಜಿಗಿದು ಗೆಳೆಯರಿಗೆ ಈಜು ತೋರಿಸುವ ಚಾಳಿ ಇತ್ತಂತೆ. ಚಿಕಿತ್ಸೆಗೆ ದೇವದುರ್ಗಕ್ಕೆ ಕರೆತಂದು ಅವನ ಅಕ್ಕ ಗದ್ದೆಮ್ಮನ ಮನೆಯಲ್ಲಿ ಇಟ್ಟರು. ದಿನಾ ಹೋಗಿ, ಗಾಯ ತೊಳೆದು, ಹುಳ ಎಷ್ಟು ಹೊರಗೆ ಬಂತೆಂದು ಅಳೆದು, ಪಟ್ಟಿ ಕಟ್ಟಿ ಬರಬೇಕು. ಆ ಡ್ಯೂಟಿ ನನ್ನ ಪಾಲಿಗೆ ಬಂತು. ಡ್ಯೂಟಿ ಎಂದ ಮೇಲೆ ಹೋಗಲೇಬೇಕು.

ಮೊದಲ ದಿನ ಅವನು ಕಪ್ಪು ಕನ್ನಡಕ ಹಾಕಿಕೊಂಡೇ ಮಲಗಿದ್ದ. ನಾನು ಕಾಲು ನೋಡಿದೆ, ಮುಖ ನೋಡಲಿಲ್ಲ. ಅವನು ಗೋಡೆ ನೋಡಿದ. ಗದ್ದೆಮ್ಮ ನಮ್ಮಿಬ್ಬರನ್ನೂ ನೋಡಿ ಒಳಗೆ ಹೋಗಿ ನಕ್ಕದ್ದು ಕೇಳಿಸಿತು. ಬರುಬರುತ್ತ ಮಾತು ಶುರುವಾಯಿತು, ಎಲ್ಲ ಹುಳದ ಬಗ್ಗೆಯೇ. ಇವತ್ತು ಎಷ್ಟು ಬಂತು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ. ಬೇರೆ ಹುಡುಗಿಯರ ಗಂಡಂದಿರು ಮೊದಲ ಸಲ ಏನು ಮಾತಾಡಿರುತ್ತಾರೋ ನನಗೆ ಗೊತ್ತಿಲ್ಲ.

ಒಂದು ಮಧ್ಯಾಹ್ನ ನಾನು ಹೋದಾಗ ಶಕ್ತಿನಗರದ ಗೆಳೆಯರು ಬಂದು ಕೂತಿದ್ದರು. ಕಾಲಿಗೆ ವೈರಿಂಗ್ ಮಾಡಿಸಿಕೊಂಡಿದ್ದೀಯಲ್ಲೋ, ಬಲ್ಬು ಎಲ್ಲಿ ಎಂದು ನಗುತ್ತಿದ್ದರು. ಅವನ ಮುಖ ಸಣ್ಣದಾಯಿತು. ಇದೇನು ದೊಡ್ಡದು, ಈಗಲೇ ಎಳೆದು ಬಿಸಾಡುತ್ತೇನೆ ನೋಡಿ ಎಂದವನೇ ಕಡ್ಡಿ ಹಿಡಿದು ಎಳೆದ. ಹುಳ ಹಿಗ್ಗಿ ನೂಲಿಗಿಂತ ಸಣ್ಣದಾಗಿತ್ತು. ನನಗೆ ಏನು ತೋಚಿತೋ, ಎಲ್ಲರ ಎದುರಿಗೆ ಅವನ ಮುಂಗೈ ಗಟ್ಟಿಯಾಗಿ ಹಿಡಿದುಬಿಟ್ಟೆ.

“ಕಡ್ಡಿ ಬಿಡ್ರಿ,” ಅಂದೆ. “ಅರ್ಧಕ್ಕ ಹರದ್ರ ಒಳಗ ನಂಜಾಗತದ. ಕಾಲು ಬಾತು ಆರು ತಿಂಗಳು ಮಕ್ಕೊಂತೀರಿ.”

ಅವನು ಕಡ್ಡಿ ಬಿಟ್ಟ. ಕನ್ನಡಕ ತೆಗೆದ. ಕಣ್ಣು ಚೆನ್ನಾಗಿವೆ, ಯಾಕೆ ಮುಚ್ಚಿಕೊಳ್ಳುತ್ತಿದ್ದನೋ. ನಿಧಾನವಾಗಿ ಕೇಳಿದ, “ಆರು ತಿಂಗಳೂ ನೀವ ಬಂದು ಪಟ್ಟಿ ಕಟ್ಟತೀರೇನು?”

ಗೆಳೆಯರು ಒಬ್ಬೊಬ್ಬರಾಗಿ ಎದ್ದು ಬೀಡಿ ಸೇದಲು ಹೊರಗೆ ಹೋದರು. ನಾನು ಅವನ ಮುಂಗೈ ಇನ್ನೂ ಹಿಡಿದೇ ಇದ್ದೇನೆಂದು ಆಗ ಗೊತ್ತಾಯಿತು. ಬಿಟ್ಟು, ಗಾಯ ತೊಳೆಯತೊಡಗಿದೆ. ಆಗ ಅವನೇ ಮತ್ತೆ ಹೇಳಿದ, “ನಿಮ್ಮ ಮೈಯಾಗ ಹುಳ ಅದ ಅಂತ ನಮ್ಮವ್ವ ಬ್ಯಾಡಂದಾಗ ನಾ ಬಾಯಿ ಮುಚ್ಕೊಂಡು ಕುಂತೆ. ಆವತ್ತು ಮಾತಾಡಬೇಕಾಗಿತ್ತು. ತಪ್ಪಾತು.”

 ನನ್ನದು ಜಂತುಹುಳ ಎಂದು ಹೇಳುವ ಸಮಯ ಅದಾಗಿರಲಿಲ್ಲ. ಪಟ್ಟಿ ಮಾತ್ರ ಅವತ್ತು ಎರಡು ಸಲ ಕಟ್ಟಿದೆ; ಮೊದಲನೆಯದು ಎಡಗಾಲಿಗೆ ಕಟ್ಟಿದ್ದೆ.

ಹೋದ ವಾರ ಭೀಮವ್ವ ತಾನೇ ನಮ್ಮ ಮನೆಗೆ ಬಂದಿದ್ದಳು. ಈ ಬೇಸಿಗೆಯೂ ನೀರು ಹೊತ್ತದ್ದು ಅವಳೇ. ಹಿರಿ ಸೊಸೆ ತವರಿಗೆ ಹೋಗಿದ್ದಾಳೆ. ರಕ್ತದ ಮಾತು ಎತ್ತದೆ, ಹುಡುಗಿ ಗುಣವಂತೆ ಎಂದು ಶುರುಮಾಡಿದಳು. ಅಪ್ಪ ಇಂಥ ದಿನಕ್ಕೇ ಕಾದವನಂತೆ ಮೀಸೆ ಸವರಿ, ನಮಗೂ ಯೋಚನೆ ಮಾಡಬೇಕು, ಹುಡುಗನ ಕಾಲಿನ ವಿಷಯ ಒಂದಿದೆಯಲ್ಲ ಎಂದ. ಅವ್ವ ನನ್ನನ್ನು ಒಳಗೆ ಕರೆದು ಕೇಳಿದಳು. ಗಾಯ ಪೂರ್ತಿ ಮಾಯಲಿ, ಆಮೇಲೆ ನೋಡೋಣ, ನನಗೇನೂ ಅವಸರವಿಲ್ಲ ಎಂದು ಹೇಳಿದ್ದೇನೆ. ನಿಜವಾಗಿಯೂ ಅವಸರವಿಲ್ಲ. ನಾನು ಡ್ಯೂಟಿಯ ಮೇಲೆ ಹೋಗಿಬರುತ್ತಿದ್ದೇನೆ, ಅಷ್ಟೇ. ನೀನು ಏನೇನೋ ಕಲ್ಪಿಸಿಕೊಂಡು ನಿಮ್ಮ ಶಾಲೆಯ ಟೀಚರುಗಳಿಗೆಲ್ಲ ಹೇಳಬೇಡ. ಬಸ್ಸಿನಲ್ಲಿ ಯಾರಾದರೂ ನನ್ನ ಸುದ್ದಿ ಎತ್ತಿದರೆ ಜಂತುಹುಳದ ವಿಷಯ ಬಿಟ್ಟು ಉಳಿದದ್ದನ್ನು ಹೇಳಬಹುದು.

ನೀನು ನೀರು ಸೋಸಿ ಕುಡಿಯುತ್ತಿದ್ದೀ ಎಂದು ನಂಬಿರುವ,
ನಿನ್ನ ಗೆಳತಿ
ಜಂಬಮ್ಮ

ತಾ.ಕ.: ನಮ್ಮ ಅಪ್ಪ ಕುರಿ ಮಾರಲು ರಾಯಚೂರಿಗೆ ಬರುತ್ತಿದ್ದಾನೆ, ನಿನ್ನನ್ನು ಕಂಡರೂ ಕಾಣಬಹುದು. ಕೇಳಿದರೆ ದೇವದುರ್ಗದ ಸಂಶೋಧನೆ ಇನ್ನೂ ನಡೆದಿದೆ ಎಂದು ಹೇಳು. ಡಾಕ್ಟರು, ವಹೀದಣ್ಣ ಎಲ್ಲ ಮೇ ಕೊನೆಗೇ ಗಂಟುಮೂಟೆ ಕಟ್ಟಿಕೊಂಡು ಹೋದರು. ಆ ಮನೆಗೆ ಈಗ ಒಬ್ಬ ದರ್ಜಿ ಬಂದಿದ್ದಾನೆ. ಈ ತಿಂಗಳ ಸಂಬಳ ಎಲ್ಲಿ ಎಂದು ಅಪ್ಪ ಕೇಳಿದ್ದಕ್ಕೆ ಸರಕಾರದ ಕೆಲಸ ಎಂದೆ, ನಂಬಿದ. ಹನುಮಂತ್ರಾಯನ ಹುಳವೂ ಪೂರ್ತಿ ಹೊರಗೆ ಬಂದು ವಾರದ ಮೇಲಾಯಿತು. ನಾನು ಮನೆ ತಿರುವಿಗೆ ಬರುವ ತನಕ ಅವನು ಅಂಗಳದ ಬೇವಿನ ಮರ ಹತ್ತಿ ಆಡಿಗೆ ಸೊಪ್ಪು ಕಡಿಯುತ್ತಾನಂತೆ, ನನ್ನನ್ನು ಕಂಡ ಮೇಲೆಯೇ ಕುಂಟತೊಡಗುತ್ತಾನಂತೆ, ಗದ್ದೆಮ್ಮ ಹೇಳಿದಳು. ನಾನು ಕೇಳಿಸದವಳಂತೆ ಪಟ್ಟಿ ಕಟ್ಟಿ ಬರುತ್ತಿದ್ದೇನೆ.