ಒಂಬತ್ತನೆಯ ಪ್ಯಾರಾ

ಜೂನ್ 9, ಸೋಮವಾರ

ಬೋರ್ಡಿನಲ್ಲಿ ಎಪ್ಪತ್ತೊಂದು ಕೇಸು. ಐದೂವರೆಗೆಲ್ಲ ಮುಗಿಸಿದೆ. ಎಚ್.ಡಿ. ಕೋಟೆಯಲ್ಲಿ ನನಗಿಂತ ಮುಂಚೆ ಇದ್ದ ಯಾವ ಜಡ್ಜೂ ಇಷ್ಟು ಮುಗಿಸಿದ್ದಿಲ್ಲ. ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ, ಆದ್ದರಿಂದ ಇಲ್ಲಿ.

ಸಂಜೆ ನೀಲಕಂಠಸ್ವಾಮಿ ಸರ್ ಫೋನ್. ನಮ್ಮ ನ್ಯಾಯಾಧೀಶರ ಸಂಘದ ಜಿಲ್ಲಾ ಅಧ್ಯಕ್ಷರು. ಹೊಸ ಮಸೂದೆ ಬರಲಿದೆಯಂತೆ — ತಾಲ್ಲೂಕು ಜಡ್ಜುಗಳು ಹದಿನೈದು ದಿನಕ್ಕೊಮ್ಮೆ ಹೋಬಳಿಗೆ ಹೋಗಿ ಅಲ್ಲೇ ಕೋರ್ಟು ನಡೆಸಬೇಕು. ಸಂಘಕ್ಕೆ ಅದು ಬೇಡ. ನನಗೂ ಬೇಡ. ಬೇಡ ಎಂದು ಶಾಸಕರ ಸಮಿತಿಗೆ ಮನವಿ ಹೋಗಬೇಕು.

"ನೀವೇ ಬರೀಬೇಕಮ್ಮ ಮಂಗಳಾ. ನಿಮ್ಮ ಡ್ರಾಫ್ಟ್ ಅಂದ್ರೆ ಇನ್ನೊಬ್ರು ಕೈಯಾಡಿಸೋ ಹಾಗೇ ಇರಲ್ಲ."

ಆಗಲಿ ಅಂದೆ. ನಿಜ ತಾನೇ.

ಜೂನ್ 14, ಎರಡನೇ ಶನಿವಾರ

ಅಂತರಸಂತೆ ಹೋಬಳಿಗೆ ಹೋಗಿ ಬಂದೆ, ಸ್ಟೆನೊ ಸವಿತಾಳನ್ನೂ ಕರೆದುಕೊಂಡು. ಜಾಗ ನೋಡದೆ ಬರೆಯುವುದು ನನ್ನ ಜಾಯಮಾನವಲ್ಲ. ಕೋರ್ಟು ನಡೆಸಿ ಅಂತ ಇವರು ತೋರಿಸುವ ಸಭಾಂಗಣದಲ್ಲಿ ಗೊಬ್ಬರದ ಮೂಟೆ. ಹೆಂಗಸರ ಶೌಚಾಲಯಕ್ಕೆ ಚಿಲಕ ಇಲ್ಲ. ಫೈಲು ಇಡಲು ಬೀರು ಇಲ್ಲ. ಪೊಲೀಸ್ ಕಾವಲು... ಕೇಳಲೇಬೇಡಿ.

ರಾತ್ರಿ ಊಟದ ಹೊತ್ತಿಗೆ ಎಂಟು ಪ್ಯಾರಾ ಆಯಿತು. ಒಂದೊಂದೂ ಗಟ್ಟಿ. ಸಮಿತಿಯವರು ಏನು ಉತ್ತರ ಹೇಳುತ್ತಾರೋ ನೋಡಬೇಕು.

ಜೂನ್ 20, ಶುಕ್ರವಾರ

ಹಲ್ಲೆ ಕೇಸು. ಜವರಿ — ಕಾಕನಕೋಟೆ ಕಡೆ ಕಾಡಂಚಿನ ಹಾಡಿಯವಳು. ಶುಂಠಿ ಕೆಲಸಕ್ಕೆ ಜನ ಕರೆದೊಯ್ಯುವ ಮೇಸ್ತ್ರಿ ಮಾದೇವ ಗುದ್ದಲಿ ಕಾವಿನಲ್ಲಿ ಹೊಡೆದು ಕೈ ಮುರಿದ ಅಂತ ದೂರು ಕೊಟ್ಟಿದ್ದಳು. ಇವತ್ತು ಕಟಕಟೆಯಲ್ಲಿ ಎಲ್ಲ ಉಲ್ಟಾ. ಬಿದ್ದು ಮುರೀತು ಅಂದಳು. ನೋಡಿದೆ ಅಂದಿದ್ದ ಪುಟ್ಟಮಲ್ಲಮ್ಮನೂ ಹಾಗೇ. ಎಡಗೈ ಇನ್ನೂ ನೆಟ್ಟಗೆ ಚಾಚಲು ಬರುವುದಿಲ್ಲ ಜವರಿಗೆ.

ಸಾಕ್ಷಿಗಳಿಗೆ ಬಸ್ ಚಾರ್ಜು ಕೊಡಿಸುವುದು ಪದ್ಧತಿ. ಬೆಂಚ್ ಕ್ಲರ್ಕ್ ಶಿವಣ್ಣ, "ಟಿಕೇಟ್ ಇಲ್ಲ ಅಂತಾವ್ಳೆ ಮೇಡಮ್" ಅಂದರು. ಕಳೆದುಕೊಂಡಿರಾ ಅಂತ ಜವರಿಯನ್ನು ಕೇಳಿದೆ.

"ತಗಂಡೇ ಇಲ್ಲ ಕಣವ್ವ. ಬಸ್ಸು ಅನ್ನೆಲ್ಡಕ್ಕೆ ಬತ್ತದೆ. ನೀವು ಅನ್ನೊಂದಕ್ಕೇ ಕೂಗ್ತೀರಂತಲ್ಲ."

"ಮತ್ತೆ ಹೇಗೆ ಬಂದ್ರಿ?"

ಆರೋಪಿಯ ಕಡೆ ಗದ್ದ ಎತ್ತಿ ತೋರಿಸಿದಳು. "ಅವ್ರ ಜೀಪ್ನಾಗೆ. ಇಬ್ರೂವೆ."

ವಕೀಲರೊಬ್ಬರು ನಕ್ಕರು. ನಾನು ಮುಂದಿನ ಕೇಸು ಕೂಗಿಸಿದೆ.

ಜೂನ್ 22, ಭಾನುವಾರ

ಮನವಿ ಮುಗಿಸಲು ಕೂತೆ. ಹನ್ನೊಂದು ವರ್ಷದ ಅಭ್ಯಾಸ ಎಲ್ಲಿ ಬಿಡುತ್ತದೆ? ತೀರ್ಪಿನಲ್ಲಿ ಒಂದು ಕಡೆಯ ವಾದ ಬರೆದು ಇನ್ನೊಂದು ಕಡೆಯದನ್ನು ಬಿಟ್ಟರೆ ಮೇಲಿನ ಕೋರ್ಟು ಕಿವಿ ಹಿಂಡುತ್ತದೆ. ಅದಕ್ಕೇ ಒಂಬತ್ತನೆಯ ಪ್ಯಾರಾ — ಮಸೂದೆಯ ಪರವಾಗಿ ಏನು ಹೇಳಬಹುದೋ ಅದು. ಹೆಸರು ಹಾಕಲಿಲ್ಲ. 'ಬಸ್ಸಿನ ಸಮಯ ಹೊಂದದೆ ಸಾಕ್ಷಿಗಳು ಆರೋಪಿಯ ವಾಹನದಲ್ಲೇ ನ್ಯಾಯಾಲಯಕ್ಕೆ ಬಂದ ಪ್ರಸಂಗವುಂಟು.' ಚೆನ್ನಾಗಿ ಬಂತು. ಎದುರಿನ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳುವುದರಲ್ಲೇ ಜಡ್ಜಿನ ಗತ್ತು ಇರುವುದು.

ಜೂನ್ 23, ಸೋಮವಾರ

ಸವಿತಾ ಟೈಪ್ ಮಾಡುತ್ತ ನಿಂತಳು. "ತಪ್ಪು ತಿಳ್ಕೋಬೇಡಿ ಮೇಡಮ್. ನಾವು ಬೇಡ ಅಂತ ತಾನೇ ಕೇಳ್ತಿರೋದು? ಅವ್ರ ಮಾತ ನಾವ್ಯಾಕೆ ಬರ್ದುಕೊಡ್ಬೇಕು?"

"ಸುಮ್ನೆ ಟೈಪ್ ಮಾಡಮ್ಮ" ಅಂದೆ.

ಜೂನ್ 27, ಶುಕ್ರವಾರ

ಮಾದೇವನ ಬಿಡುಗಡೆ. ಸಾಕ್ಷ್ಯ ಇಲ್ಲದ ಮೇಲೆ ಸಂದೇಹದ ಲಾಭ ಅವನಿಗೇ. ತೀರ್ಪು ನಾಲ್ಕೇ ಪುಟ. ತಪ್ಪಿಲ್ಲ ಅದರಲ್ಲಿ, ಯಾವ ಮೇಲ್ಮನವಿಗೂ ಅಲ್ಲಾಡುವುದಿಲ್ಲ. ಓದುವಾಗ ನಾಚಿಕೆಯಾಯಿತು.

ಜೂನ್ 28, ಶನಿವಾರ

ಮೈಸೂರಿನಲ್ಲಿ ಸಂಘದ ಸಭೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ — ಎಲ್ಲ ಸೇರಿ ಹದಿನಾಲ್ಕು ಜನ ಜಡ್ಜುಗಳು. ಮನವಿ ಓದಿದೆ. ಪಿರಿಯಾಪಟ್ಟಣದವರು ಒಂದು ಅಲ್ಪವಿರಾಮ ತೆಗೆಸಿದರು, ಅಷ್ಟೇ. "ಎರಡೂ ಕಡೆ ತೂಗಿದೀರಿ, ಭೇಷ್" ಅಂದರು ನೀಲಕಂಠಸ್ವಾಮಿ ಸರ್. ಸವಿತಾ ಕೇಳಿದ ಪ್ರಶ್ನೆಯನ್ನು ಹದಿನಾಲ್ಕರಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ತೀರ್ಪು ಬರೆದೇ ಕೈ ಕೂತವರು. ಮನವಿ ಬರೆದವರು ಯಾರಿದ್ದೇವೆ?

ಸಮಿತಿಯ ಮುಂದೆ ಮಂಡಿಸುವುದೂ ನಾನೇ. ಮುಂದಿನ ವರ್ಷ ಕಾರ್ಯದರ್ಶಿ ಸ್ಥಾನ ಅಂತಲೂ ಕಿವಿಗೆ ಬಿತ್ತು. ಬೇಡ ಅನ್ನುವಷ್ಟು ಸನ್ಯಾಸಿನಿ ಅಲ್ಲ ನಾನು.

ಜುಲೈ 18, ಶುಕ್ರವಾರ

ಮೈಸೂರು ಅತಿಥಿಗೃಹ. ಸಮಿತಿಯಲ್ಲಿ ಐದು ಜನ ಶಾಸಕರು. ನಲವತ್ತು ನಿಮಿಷ ಮಾತಾಡಿದೆ, ಎಲ್ಲೂ ತಡವರಿಸಲಿಲ್ಲ. ಗೊಬ್ಬರದ ಮೂಟೆಗೆ ಅವರೂ ನಕ್ಕರು.

ಆಮೇಲೆ ಸಮಿತಿಯ ಅಧ್ಯಕ್ಷರು ಕನ್ನಡಕ ಏರಿಸಿ ಒಂಬತ್ತನೆಯ ಪ್ಯಾರಾ ಗಟ್ಟಿಯಾಗಿ ಓದಿದರು. "ಮೂಟೆ ಎತ್ತಿಸ್ಬೋದು ಮೇಡಮ್. ಚಿಲಕ ಹಾಕಿಸ್ಬೋದು. ಈ ಜೀಪಿನ ವಿಚಾರಕ್ಕೆ ನಿಮ್ಮ ಉತ್ತರ ಯಾವ ಪುಟದಾಗದೆ?"

ಪುಟ ತಿರುವಿದೆ. ನನಗೆ ಗೊತ್ತಿತ್ತು, ಯಾವ ಪುಟದಲ್ಲೂ ಇರಲಿಲ್ಲ. ಇಂಥ ವಾದ ತೀರ್ಪಿನಲ್ಲಿ ಬಂದಿದ್ದರೆ ಆ ಕಡೆಗೇ ತೀರ್ಪು ಕೊಟ್ಟಿರುತ್ತಿದ್ದೆ. ನೀಲಕಂಠಸ್ವಾಮಿ ಸರ್ ಮೇಜಿನ ಕೆಳಗೆ ನನ್ನ ಕುರ್ಚಿಯ ಕಾಲಿಗೆ ಷೂ ತಾಗಿಸಿದರು.

"ಉತ್ತರ ಇಲ್ಲ ಸರ್" ಅಂದೆ.

ವಾಪಸು ಬರುವಾಗ, ವಿಚಿತ್ರ, ನನಗೆ ವಿಪರೀತ ಹಸಿವು.

ಜುಲೈ 20, ಭಾನುವಾರ, ಬೆಳಿಗ್ಗೆ 8.10

ಸರ್ ಫೋನ್. ಕೋಪ ಇಲ್ಲ, ಸುಸ್ತು. "ಎರಡೇ ಸಾಲು ಬರ್ದುಕೊಡಿ ಮಂಗಳಾ. ಒಂಬತ್ತನೇ ಪ್ಯಾರಾ ನಿಮ್ಮ ವೈಯಕ್ತಿಕ ಅಭಿಪ್ರಾಯ, ಅದನ್ನ ಹೊಡೆದುಹಾಕಬೇಕು ಅಂತ. ಸಮಿತಿಯೋರು ಒಪ್ತಾರೆ. ಮಸೂದೆಯಿಂದ ಹೋಬಳಿ ಕೋರ್ಟಿನ ಕಲಮು ಹೋಗತ್ತೆ. ನಿಮ್ಮ ಹೆಸರೂ ಉಳಿಯತ್ತೆ."

ಎರಡು ಸಾಲು ಬರೆಯಲು ನನಗೆಷ್ಟು ಹೊತ್ತು. ಬರೆದೆ. ಸಹಿ ಮಾಡಲು ಹೋದೆ.

ಅಭಿಪ್ರಾಯ ಅಂತ ಹೇಗೆ ಬರೆಯಲಿ? ನನ್ನ ಕೋರ್ಟಿನಲ್ಲಿ, ನಾನು ಕೇಳಿದ್ದಕ್ಕೆ, ಎಲ್ಲರ ಎದುರು ಆಕೆ ಹೇಳಿದ ಮಾತು ಅದು. ಅವತ್ತು ಜವರಿ ಹೇಳಿದ್ದರಲ್ಲಿ ನಿಜ ಅದೊಂದೇ. ಅದನ್ನೂ ನಾನೇ ಹೊಡೆದುಹಾಕಿದರೆ— ಸಹಿ ಮಾಡದೆ ಪೆನ್ನು ಮುಚ್ಚಿಟ್ಟೆ.