ಕಪ್ಪು ಬಣ್ಣದ ಕೆಳಗೆ

ಏನೇ, ಕೇಳಿಲ್ಲಿ, ಜೀಪು ಕೊಂಡೆವು! ಅದರ ಬೆಲೆ ಬಿಟ್ಟು ಆದ ಖರ್ಚು: ನೀನು ಆರಿಸಿಕೊಟ್ಟಿದ್ದ ಬಿಳಿ ಅಂಗಿ, ನಮ್ಮ ಅಂಗಡಿಯ ಅರ್ಧ ದಿನದ ವ್ಯಾಪಾರ, ನನ್ನ ಮರ್ಯಾದೆಯಲ್ಲಿ ಮುಕ್ಕಾಲು ಪಾಲು.

ನೀನು ಹೋದಾಗ ಇನ್ನೂ ಓದುತ್ತಿದ್ದ ಮಗಳು ಈಗ ದನದ ಡಾಕ್ಟರು. ದಿನಾ ಗುಡ್ಡದ ಕೊಟ್ಟಿಗೆಗಳಿಗೆ ಹತ್ತಬೇಕು, ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಹಳೆ ಗಾಡಿ ಮಾರುವವನ ಹತ್ತಿರ ಎರಡಿದ್ದವು. ಒಂದರ ತಳಕ್ಕೆ ಹೊಸದಾಗಿ ಕಪ್ಪು ಬಳಿದಿತ್ತು, ಎರಡನೇ ಮದುವೆಗೆ ಹೊರಟವನ ಮೀಸೆಯ ಹಾಗೆ. ಇನ್ನೊಂದರ ತಳವೆಲ್ಲ ಕೆಂಪು ತುಕ್ಕು. ನಾನು ಕಪ್ಪಿಗೆ ಮರುಳಾಗಿ ಮುಂಗಡ ಎಣಿಸತೊಡಗಿದ್ದೆ. ಇವಳು ಸ್ಕ್ರೂಡ್ರೈವರ್ ಹಿಡಿದು ಅಡಿಗೆ ನುಸುಳಿಯೇಬಿಟ್ಟಳು!

"ಅಮ್ಮ ಮಡಕೆ ಬಡಿದು ನೋಡ್ತಿರ್ಲಿಲ್ವಾ ಅಪ್ಪ, ಹಾಗೇ."

ಬಡಿದಳು. ದಬ್ ಎಂದಿತು, ಒಡಕು ಮಡಕೆಯ ಸದ್ದು. ಚುಚ್ಚಿದಳು. ಗಾಡಿಯ ಭಾರವೆಲ್ಲ ಹೊರುವ ಚಾಸಿಯೊಳಕ್ಕೆ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು!

"ಸ್ವಲ್ಪ ವೆಲ್ಡಿಂಗ್ ಮಾಡಿಸಿದ್ರೆ ಆಯ್ತು ಸಾರ್," ಎಂದ ಮಾರುವವನು.

"ಯಾವುದಕ್ಕಣ್ಣಾ? ಬಣ್ಣಕ್ಕಾ?" ಎಂದಳು ನಿನ್ನ ಮಗಳು.

ಕೆಂಪು ಗಾಡಿಯ ಕೆಳಗೆ ನಾನೂ ಮಲಗಿದೆ. ಉಜ್ಜಿದರೆ ತುಕ್ಕು ಪುಡಿಯಾಗಿ ಬಿಳಿ ಅಂಗಿಯ ಮೇಲೆಲ್ಲ ಉದುರಿತು, ಒಳಗೆ ಗಟ್ಟಿ ಕಬ್ಬಿಣ. ಬಡಿದರೆ ಟಣ್! ನೀನು ಕೊಳ್ಳುವ ಮುಂಚೆ ಕುಂಬಾರನ ಅಂಗಡಿಯಲ್ಲಿ ಮಡಕೆ ಬಡಿಯುವಾಗೆಲ್ಲ ನಾನು ನಾಚಿ ಬೀದಿಗೆ ಬಂದು ನಿಲ್ಲುತ್ತಿದ್ದೆ. ಇವತ್ತು ಮತ್ತೆ ಮತ್ತೆ ಬಡಿದೆ, ಸುಮ್ಮನೆ ಕೇಳುವುದಕ್ಕೆ.

ಮಾರಿದವನಿಗೆ ಹಣ ಸಿಕ್ಕಿತು. ಮಗಳಿಗೆ ಗಾಡಿ ಸಿಕ್ಕಿತು. ನನಗೆ ಅವಳ ಪಕ್ಕದ ಸೀಟು ಸಿಕ್ಕಿತು; ನೀನಿದ್ದಿದ್ದರೆ ನಾನು ಹಿಂದೆ ಕೂರಬೇಕಿತ್ತು.