ಚೆನ್ನವೀರನ ಹೆಸರಿನಲ್ಲಿ ಕೊಂಡ ಕ್ಯಾಸೆಟ್ಟುಗಳು

ಸೇಡಂ
೮ ಜನವರಿ ೨೦೨೫

ತಾಯಿಯಂಥ ಅತ್ತೆಯವರಿಗೆ,

ಸೊಸೆ ಭಾಗ್ಯಶ್ರೀಯ ಶರಣು ಶರಣಾರ್ಥಿ. ನಾವಿಬ್ಬರೂ ಇಲ್ಲಿ ಆರಾಮ ಇದ್ದೇವೆ. ಚಿಂಚೋಳಿಯಲ್ಲಿ ನೀವು, ನಾದಿನಿ ಐಶ್ವರ್ಯ, ಅವಳ ಗಂಡುಕೂಸು ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಪತ್ರ ತಡವಾಯಿತು, ಬೈಯಬೇಡಿ. ಎಳ್ಳಮಾವಾಸ್ಯೆಗೆ ನಿಮ್ಮ ಮಗ ಅರ್ಧ ಊರನ್ನೇ ಹೊಲಕ್ಕೆ ಕರೆದಿದ್ದರು. ಕಾಳು, ಸೊಪ್ಪು ಹಾಕಿ ಬೇಯಿಸಿದ ಭಜ್ಜಿ ನಿಮ್ಮ ಕೈರುಚಿಗೆ ಬರಲಿಲ್ಲ ಎಂದು ಉಂಡವರೆಲ್ಲ ಹೇಳಿದರು, ಪಾತ್ರೆಯನ್ನು ಮಾತ್ರ ಬಳಿದು ಖಾಲಿ ಮಾಡಿದರು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ನೀವು ಸ್ಪೀಕರ್ ಹಾಕಿಬಿಡುತ್ತೀರಿ. ನನ್ನ ಮಾತನ್ನು ಬಾಣಂತಿಯಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಕೇಳುತ್ತಾರೆ. ಇದು ನಿಮಗೊಬ್ಬರಿಗೇ ಹೇಳುವ ಮಾತು. ಕೂಸಿಗೆ ಹೆಸರಿಡುವ ತೊಟ್ಟಿಲು ಕಾರ್ಯ ಇಲ್ಲಿ, ಸೇಡಂ ಮನೆಯಲ್ಲಿ ಆಗಬೇಕು. ತಾಯಿ, ಕೂಸು ಇಬ್ಬರನ್ನೂ ಕರೆದುಕೊಂಡು ಬನ್ನಿ. ಯಾಕೆ ಹೀಗೆ ಹಟ ಹಿಡಿದಿದ್ದೇನೆ ಎನ್ನುವುದು ಮುಂದೆ ಬರುತ್ತದೆ, ಮೊದಲು ಶಹಾಬಾದಿನ ಸುದ್ದಿ ಕೇಳಿ.

ಕಳೆದ ಭಾನುವಾರ ಅಲ್ಲಿನ ನಾಹಿದಳ ಹಳೆ ಸಾಮಾನಿನ ಅಂಗಡಿಗೆ ಒಬ್ಬಳೇ ಹೋಗಿದ್ದೆ. ಹಳೆ ಟಿ.ವಿ., ಮಿಕ್ಸರುಗಳ ನಡುವೆ ವಿಡಿಯೋ ಗೇಮಿನ ಕ್ಯಾಸೆಟ್ಟುಗಳ ಬುಟ್ಟಿ ಇತ್ತು. ನೀವಿಲ್ಲದೆ ನನಗೆ ಚೌಕಾಸಿ ಬರುವುದಿಲ್ಲ ಎಂದು ಅದನ್ನು ಕಂಡಾಗಲೇ ನೆನಪಾಯಿತು. ಬೇಕಾದ ಕ್ಯಾಸೆಟ್ ಕಂಡರೆ ಸಾಕು, ನನ್ನ ಮುಖ ಅರಳುತ್ತದೆ, ಅಂಗಡಿಯವರು ರೇಟು ಏರಿಸುತ್ತಾರೆ. ನೀವಾದರೆ ತೆಂಗಿನಕಾಯಿ ನೋಡುವ ಹಾಗೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಒಳಗ ಏನೋ ಸಡ್ಲ ಆಗ್ಯಾದ ನೋಡವ್ವಾ" ಎಂದು ಅರ್ಧ ಬೆಲೆಗೆ ಇಳಿಸುತ್ತೀರಿ. ನಿಮ್ಮ ಕಿವಿಗೆ ಸಡಿಲವಾಗದ ಕ್ಯಾಸೆಟ್ಟನ್ನು ನಾನು ಇದುವರೆಗೆ ನೋಡಿಲ್ಲ.

ವಾಡಿಯ ನನ್ನ ತವರಿನಿಂದ ವಿಡಿಯೋ ಗೇಮನ್ನು ಸೀರೆಗಳ ಕೆಳಗೆ ಅಡಗಿಸಿ ತಂದಿದ್ದೆನಲ್ಲ, ನೆನಪಿದೆಯೇ? ಪೆಟ್ಟಿಗೆಯಿಂದ ಸೀರೆ ತೆಗೆಯುವಾಗ ಅದು ನಿಮ್ಮ ಕೈಗೇ ಸಿಕ್ಕಿತು. ಹೊಸ ಸೊಸೆಯ ಮಾನ ಹೋಯಿತು ಎಂದುಕೊಂಡೆ. ನೀವು ರಿಮೋಟನ್ನು ತಿರುಗಿಸಿ ನೋಡಿ, "ಇದು ಇಬ್ಬರು ಆಡೋದೇನು?" ಎಂದಿರಿ. ಆ ಮಾತಿಗೇ ಈ ಮನೆ ನನ್ನದಾಯಿತು.

ಮರುವರ್ಷ ವಾಡಿಯ ಕಾರ್ಖಾನೆ ಕಾಲೊನಿಯಲ್ಲಿ ವರ್ಗವಾಗಿ ಹೊರಟವರ ಮನೆಗೆ ಹೋಗಿದ್ದೆವು. ಮಂಚ, ಕುಕ್ಕರುಗಳ ಜೊತೆ ಒಂದು ಚೀಲ ತುಂಬ ಕ್ಯಾಸೆಟ್ಟುಗಳು ಮಾರಾಟಕ್ಕಿದ್ದವು. ಮನೆಯಾಕೆ "ಯಾರಿಗ್ರಿ ಇವು?" ಎಂದು ಕೇಳಿದಾಗ ನಾನು ನಿಮ್ಮ ಹಿಂದೆ ಸರಿದೆ. ನೀವು ಮುಂದೆ ಬಂದು, "ನಮ್ಮ ಮೊಮ್ಮಗಗರಿ. ಚೆನ್ನವೀರ ಅಂತ. ಭಾಳ ಹಟ ಮಾಡಾಕತ್ತಾನ" ಎಂದಿರಿ. ಆಕೆ ಕರಗಿ ಇಡೀ ಚೀಲವನ್ನು ಸಸ್ತಾದಲ್ಲಿ ಕೊಟ್ಟಳು. ನಿಮ್ಮ ತಂದೆಯ ಹೆಸರನ್ನೇ ಇಟ್ಟಿದ್ದಿರಿ.

ಆಮೇಲೆ ಚೆನ್ನವೀರ ಎಲ್ಲ ಕಡೆ ನಮ್ಮ ಜೊತೆಗೇ ಬಂದ. ಚಿತ್ತಾಪುರದ ಸಂತೆಯಲ್ಲಿ ಅವನಿಗೆ ಜ್ವರ ಬಂದಿತ್ತು, ಕಾಳಗಿಯಲ್ಲಿ ಹಲ್ಲು ಬಿದ್ದಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ನಾವು ನಗುವುದನ್ನು ಕಂಡಕ್ಟರ್ ಬಿಟ್ಟಕಣ್ಣು ಬಿಟ್ಟಂತೆ ನೋಡುತ್ತಿದ್ದ. ನಾನು ಮನಸಾರೆ ನಗುತ್ತಿದ್ದೆ ಅತ್ತೆ. ಒಳಗೆ ಚುರುಕ್ ಎನ್ನುತ್ತಿದ್ದದ್ದೂ ನಿಜ.

ಈಗ ಭಾನುವಾರದ ಮಾತು. ನಾಹಿದ ನನ್ನನ್ನು ನೋಡಿದ್ದೇ ಒಳಗಿನಿಂದ ಒಂದು ಡಬ್ಬಿ ತಂದಳು. ನಾನು ವರ್ಷಗಟ್ಟಲೆ ಹುಡುಕಿದ ಟ್ಯಾಂಕಿನ ಆಟ, ಡಬ್ಬಿ ಸಮೇತ, ಮೂಲೆ ಕೂಡ ಮುರಿದಿಲ್ಲ.

"ಚೆನ್ನವೀರಗಂತ ಎತ್ತಿಟ್ಟೀನಿ ಅಕ್ಕಾ. ರೊಕ್ಕ ಬ್ಯಾಡ" ಎಂದಳು.

"ಯಾಕ್ರಿ ನಾಹಿದಾ?"

"ನಿಮ್ಮತ್ತಿ ಹೋದ ವರ್ಷ ಹುಡುಗ ಐದನೇತ್ತ ಅಂದ್ರು. ಆಮ್ಯಾಲ ಬಂದಾಗ ಮೂರನೇತ್ತ ಅಂದ್ರು. ಪಾಪ, ಅವಗ ಓದು ತಲಿಗಿ ಹತ್ತವಲ್ದು ಕಾಣ್ತದ. ಆಟನಾರ ಆಡ್ಲಿ."

ನೀವಿದ್ದಿದ್ದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಿರಿ. ನನಗೆ ನಗು ಬರಲಿಲ್ಲ. ಬೆಲೆ ಇಳಿಸಲು ಹೇಳಿದ ಸುಳ್ಳು ಬೇರೆ, ಇಲ್ಲದ ಹುಡುಗನ ಮೇಲೆ ಅವಳು ಇಟ್ಟ ಮರುಕವನ್ನು ಚೀಲಕ್ಕೆ ಹಾಕಿಕೊಳ್ಳುವುದು ಬೇರೆ.

"ಚೆನ್ನವೀರ ಅನ್ನೋ ಹುಡುಗ ಇಲ್ಲರಿ. ನಮಗ ಮಕ್ಕಳಾಗಿಲ್ಲ. ಆಡೋಕಿ ನಾನ" ಎಂದುಬಿಟ್ಟೆ.

ಅವಳು ಡಬ್ಬಿಯ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು, ಧೂಳು ಎಲ್ಲಿಯೂ ಇರಲಿಲ್ಲ. ಆಮೇಲೆ ಕೇಳಿದಳು, "ಅಂದ್ರ ಇಷ್ಟು ವರ್ಷ ನಿಮ್ಮತ್ತಿ ನಿಮ್ಮ ಸಲ್ಯಾಗಿ ಸುಳ್ಳು ಹೇಳ್ಯಾರ?"

"ಹೌದ್ರಿ."

"ನಮ್ಮತ್ತಿ ನನ್ನ ಸಲ್ಯಾಗಿ ಒಂದು ಖರೇನೂ ಹೇಳಿಲ್ಲ. ತೊಗೊಂಡು ಹೋಗ್ರಿ ಅಕ್ಕಾ, ಇದು ನಿಮಗ ಅಂತ ಕೊಡಾಕತ್ತೀನಿ."

ಬಸ್ಸಿನಲ್ಲಿ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನಿಮ್ಮನ್ನೇ ನೆನೆದೆ. ನಿಮ್ಮ ಓರಗಿತ್ತಿ, "ಮಕ್ಕಳಿಲ್ಲದ ಮನ್ಯಾಗ ಇಷ್ಟು ಆಟದ ಸಾಮಾನ ಯಾಕ?" ಎಂದಾಗ ನೀವು ಎದ್ದು ಟಿ.ವಿ. ಹಚ್ಚಿದಿರಿ. "ನಮ್ಮ ಸೊಸಿ ಆಡ್ತಾಳ, ನಾನೂ ಆಡ್ತೀನಿ. ನಿಮಗೂ ಆಡೋದಿದ್ರ ಕುಂದ್ರಿ" ಎಂದಿರಿ. ಅವರು ಚಹಾ ಕೂಡ ಕುಡಿಯದೆ ಹೋದರು. ನಿಮ್ಮ ಆ ಮಾತಿನ ಬಲದ ಮೇಲೆ ನಾನು ಎಷ್ಟೋ ದಿನಗಳನ್ನು ದಾಟಿದ್ದೇನೆ. ಇದನ್ನು ಎದುರಿಗೆ ಹೇಳಲು ಸಂಕೋಚ, ಅದಕ್ಕೆ ಬರೆದಿದ್ದೇನೆ.

ಇನ್ನು ನನ್ನ ಹಟದ ಕಾರಣ. ಬಾಣಂತನ ತವರಿನಲ್ಲಿ ಆಗುವುದು ರೂಢಿ. "ಡಾಕ್ಟರು ಐಶ್ವರ್ಯಗ ಬಸ್ಸಿನಾಗ ಕುಂದರಬ್ಯಾಡ ಅಂದಾರ" ಎಂದು ಹೇಳಿ ನೀವೇ ಮಗಳ ಮನೆಗೆ ಹೋದಿರಿ. ಡಾಕ್ಟರು ಹಾಗೇನೂ ಹೇಳಿಲ್ಲವೆಂದು ಐಶ್ವರ್ಯ ಮೊನ್ನೆ ಬಾಯಿಬಿಟ್ಟಳು. ಕೂಸಿನ ಅಳು ನನ್ನ ಕಿವಿಗೆ ಬೀಳದಿರಲಿ ಎಂದು ನೀವು ಇದನ್ನು ಮಾಡಿದಿರಿ. ನನಗಾಗಿ ಹೇಳಿದ ಇನ್ನೊಂದು ಸುಳ್ಳು, ಇದಕ್ಕೂ ನಾನು ಋಣಿ. ಆದರೆ ಅತ್ತೆ, ಕೂಸು ಅಳುವ ಮನೆಗಿಂತ ನೀವಿಲ್ಲದ ಮನೆಯೇ ನನಗೆ ಕಷ್ಟ. ನನ್ನಿಂದಾಗಿ ಐಶ್ವರ್ಯಳಿಗೆ ತವರು ತಪ್ಪುವುದಂತೂ ನನಗೆ ಬೇಡವೇ ಬೇಡ.

ಸಣ್ಣ ಕೋಣೆಯಲ್ಲಿ ಕ್ಯಾಸೆಟ್ಟುಗಳ ಕಪಾಟನ್ನು ಗೋಡೆಗೆ ಸರಿಸಿದ್ದೇವೆ. ಮೇಲಿನ ತೊಟ್ಟಿಲ ಕೊಂಡಿ ತುಕ್ಕು ಹಿಡಿದಿತ್ತು, ನಾನೇ ಸ್ಟೂಲು ಹತ್ತಿ ಎಣ್ಣೆ ಬಿಟ್ಟಿದ್ದೇನೆ. ನಿಮ್ಮ ಮಗ ಕಾರು ಗೊತ್ತು ಮಾಡುತ್ತಾರೆ. ದಿನ ತಿಳಿಸಿ.

ಐಶ್ವರ್ಯಳಿಗೆ ನನ್ನ ಪ್ರೀತಿ, ಕೂಸಿಗೆ ಮುತ್ತು. ನಿಮ್ಮ ಆಶೀರ್ವಾದದ ಕೈ ನಮ್ಮ ಮೇಲಿರಲಿ.

ನಿಮ್ಮ ಸೊಸೆ,
ಭಾಗ್ಯಶ್ರೀ

ತಾ.ಕ.: ಕೂಸಿಗೆ ಮುತ್ತಜ್ಜನ ಹೆಸರಿಡೋಣವೆಂದು ಐಶ್ವರ್ಯ ಕೇಳಿದ್ದಳಂತೆ. "ಬ್ಯಾಡ, ಆ ಹೆಸರು ಭಾಗ್ಯಾನ ಮಗಗ ಇಟ್ಟೀನಿ" ಎಂದಿರಂತೆ. ಅತ್ತೆ, ನನಗೆ ಇನ್ನು ಮಕ್ಕಳಾಗುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಹೋದ ಬೇಸಿಗೆಯಲ್ಲೇ ಹೇಳಿದರು. ನೀವು ಚೆನ್ನವೀರನ ಮಾತಾಡುವಾಗಿನ ಮುಖ ನೋಡಿ ನನಗೆ ಹೇಳಲಾಗಲಿಲ್ಲ, ನಿಮ್ಮ ಮಗನಿಗೂ ಹೇಳಲು ಬಿಡಲಿಲ್ಲ. ನನಗಾಗಿ ಆ ಹೆಸರನ್ನು ಕಾಯ್ದಿಡಬೇಡಿ. ತೊಟ್ಟಿಲಲ್ಲಿ ಅದೇ ಹೆಸರು ಹಿಡಿದು ಕೂಸನ್ನು ಕರೆಯಿರಿ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ನಾಹಿದ ಕೊಟ್ಟ ಡಬ್ಬಿಯನ್ನು ಇನ್ನೂ ತೆರೆದಿಲ್ಲ. ಅವನಿಗೇ ಎತ್ತಿಟ್ಟಿದ್ದೇನೆ.